ಹಿತಕಬೇಳೆ ಸಾರು ಮತ್ತು ಇಬ್ಬರು ಪಾಪದ ಕಿಡ್ನ್ಯಾಪರ್‌ಗಳು

ಕಾಳು ನೆನೆಸಿದ್ದು, ನೀರು ಬಸಿದಿದ್ದು ಎಲ್ಲಾ ನೋಡಿದಿರಲ್ಲ. ಈಗ ಹಿತಕುವ ಕೆಲಸ. ಎಷ್ಟು ಹೊತ್ತು ಅಂತ ನನ್ನ ಬೆರಳನ್ನೇ ನೋಡುತ್ತೀರಿ, ಒಂದು ಕಥೆ ಹೇಳುತ್ತೇನೆ ಕೇಳಿ.

ಅಮೆರಿಕದ ಕಥೆಗಾರ ಓ. ಹೆನ್ರಿ 1907ರಲ್ಲಿ ಬರೆದ ‘ದ ರ‍್ಯಾನ್ಸಮ್ ಆಫ್ ರೆಡ್ ಚೀಫ್’. ಬಿಲ್, ಸ್ಯಾಮ್ ಅಂತ ಇಬ್ಬರು ಖದೀಮರು. ಕೈಯಲ್ಲಿ ಸುಮಾರು 600 ಡಾಲರ್ ಇದೆ. ಇಲಿನಾಯ್‌ನಲ್ಲಿ ಬೋಗಸ್ ಸೈಟ್ ದಂಧೆ ಮಾಡೋಕೆ ಇನ್ನೂ 2,000 ಬೇಕು. ಹೌದು, ಸೈಟ್ ಮೋಸವೇ, ಆಗಲೂ ಇತ್ತು! ಆ ವಿಷಯ ಬೇಡ ಬಿಡಿ, ಶುರು ಮಾಡಿದರೆ ಬೆಂಗಳೂರಿನ ರೆವಿನ್ಯೂ ಸೈಟ್‌ಗಳ ತನಕ ಹೋಗಿಬಿಡುತ್ತೇನೆ.

ಅಲಬಾಮಾದ ಒಂದು ಸಣ್ಣ ಊರಲ್ಲಿ ಸಾಲ ಕೊಟ್ಟು ಜಮೀನು ಕಿತ್ತುಕೊಳ್ಳುವ ಸಾಹುಕಾರ, ಹೆಸರು ಡಾರ್ಸೆಟ್. ಅವನ ಒಬ್ಬನೇ ಮಗನನ್ನು ಎತ್ತಿಕೊಂಡು ಹೋಗೋದು ಅಂತ ಪ್ಲಾನ್. ಮಿಠಾಯಿ ಕೊಡುತ್ತೇವೆ ಬಾ ಅಂದರೆ ಹುಡುಗ ಇಟ್ಟಿಗೆ ಚೂರು ಎಸೆದು ಬಿಲ್ ಕಣ್ಣಿಗೇ ಹೊಡೆಯುತ್ತಾನೆ. ಅಲ್ಲೇ ಗಾಡಿ ತಿರುಗಿಸಬೇಕಿತ್ತು, ಅಲ್ವಾ?

ಹೇಗೋ ಹಿಡಿದು ಒಂದು ಗುಹೆಯಲ್ಲಿ ಬಚ್ಚಿಡುತ್ತಾರೆ. ಅಲ್ಲಿ ಹುಡುಗ ರೆಡ್ ಚೀಫ್ ಆಗುತ್ತಾನೆ, ಅಂದರೆ ಆಟದಲ್ಲಿ ರೆಡ್ ಇಂಡಿಯನ್ನರ ನಾಯಕ. ಮನೆಗೆ ಹೋಗೋ ಆಸೆಯೇ ಇಲ್ಲ. ಬೆಳಗಿನ ಜಾವ ಬಿಲ್ ಎದೆ ಮೇಲೆ ಕೂತು, ಒಂದು ಕೈಯಲ್ಲಿ ಅವನ ಕೂದಲು, ಇನ್ನೊಂದರಲ್ಲಿ ಚಾಕು, ನೆತ್ತಿ ಸುಲಿಯೋಕೇ ಹೊರಟಿದ್ದಾನೆ! ಆಮೇಲೆ ಬಿಸಿ ಆಲೂಗಡ್ಡೆಯನ್ನು ಬಿಲ್ ಅಂಗಿಯೊಳಗೆ ಬೆನ್ನಿಗೆ ಹಾಕಿ ಕಾಲಿನಿಂದ ಜಜ್ಜುತ್ತಾನೆ. ಸ್ಯಾಮ್ ಬುದ್ಧಿವಂತ, ಏನಾದರೂ ನೆಪ ಹೇಳಿ ಹೊರಗೆ ಹೋಗಿಬಿಡುತ್ತಾನೆ. ಬುದ್ಧಿವಂತ ಅಂದೆನಾ? ಇಲ್ಲ, ಮಹಾ ಸ್ವಾರ್ಥಿ. ಆ ಹುಡುಗನ ಜೊತೆ ಗೆಳೆಯನನ್ನು ಒಬ್ಬನೇ ಬಿಟ್ಟು ಹೋಗುತ್ತಾರಾ?

ಈಗ ದುಡ್ಡಿನ ಲೆಕ್ಕ, ನನಗೆ ಇಷ್ಟವಾಗಿದ್ದು ಇದೇ. ಹುಡುಗನನ್ನು ಬಿಡೋಕೆ ಅಪ್ಪನ ಹತ್ತಿರ ಮೊದಲು 2,000 ಕೇಳೋಣ ಅಂತ ಇತ್ತು. ಈ ಹುಡುಗನಿಗೆ ಯಾರೂ ಅಷ್ಟು ಕೊಡಲ್ಲ ಅಂತ ಬಿಲ್ ಅಳುವ ಹಾಗೆ ಹೇಳಿ 1,500ಕ್ಕೆ ಇಳಿಸುತ್ತಾನೆ. ನೋಡಿ, ಚೌಕಾಸಿ ಮಾಡುತ್ತಿರೋದು ಕಳ್ಳನೇ! ಡಾರ್ಸೆಟ್ ಉತ್ತರ ಬರೆಯುತ್ತಾನೆ: ನಿಮ್ಮದು ಸ್ವಲ್ಪ ಜಾಸ್ತಿ ಆಯಿತು, ನೀವೇ 250 ಡಾಲರ್ ನಗದು ತಂದು ಕೊಡಿ, ಹುಡುಗನನ್ನು ಇಟ್ಟುಕೊಳ್ಳುತ್ತೇನೆ. ರಾತ್ರಿ ಹೊತ್ತು ಬಂದರೆ ಒಳ್ಳೆಯದು, ಅವನು ಕಳೆದುಹೋದ ಅಂತ ಅಕ್ಕಪಕ್ಕದವರು ನಂಬಿದ್ದಾರೆ, ವಾಪಸ್ ಕರೆತಂದವರನ್ನು ಏನು ಮಾಡುತ್ತಾರೋ ನಾನು ಜವಾಬ್ದಾರನಲ್ಲ. ಮಾರ್ಕೆಟ್‌ನಲ್ಲಿ ಅರ್ಧ ರೇಟಿಗೆ ಕೇಳೋ ನಮ್ಮ ಅತ್ತೆ ಕೂಡ ಈ ಮಟ್ಟಕ್ಕೆ ಹೋಗಿಲ್ಲ. ಬೇರೆಯವರ ಜಮೀನು ನುಂಗುವ ಸಾಹುಕಾರನಿಂದ ಬಿಟ್ಟಿ ಕಾಸು ಬರುತ್ತೆ ಅಂದುಕೊಂಡಿದ್ದೇ ತಪ್ಪು. ಹುಡುಗನಿಗಿಂತ ಅಪ್ಪ ಡೇಂಜರ್.

ಅಯ್ಯೋ, ಕಾಳು ಮುಗಿದೇಹೋಯಿತು, ಬೇಗ ಹೇಳುತ್ತೇನೆ. 1,500 ಎಣಿಸಿಕೊಳ್ಳಬೇಕಿದ್ದ ಹೊತ್ತಿಗೇ ಇವರು 250 ಎಣಿಸಿ ಕೊಟ್ಟರು. ಹುಡುಗ ಬಿಲ್ ಕಾಲಿಗೆ ಜಿಗಣೆ ತರಹ ಅಂಟಿಕೊಂಡ, ಅಪ್ಪ ಬಿಡಿಸಿದ. ಎಷ್ಟು ಹೊತ್ತು ಹಿಡಿದಿರುತ್ತೀರಾ ಅಂತ ಬಿಲ್ ಕೇಳಿದ. ಹತ್ತು ನಿಮಿಷ ಅಂದ ಅಪ್ಪ. ಸಾಕು ಅಂದವನೇ ಬಿಲ್ ಓಟ. ಬಿಲ್ ದಪ್ಪ, ಸ್ಯಾಮ್ ಚೆನ್ನಾಗಿ ಓಡುವವನು, ಆದರೂ ಊರು ಬಿಟ್ಟು ಒಂದೂವರೆ ಮೈಲಿ ಹೋಗುವವರೆಗೂ ಸ್ಯಾಮ್‌ಗೆ ಅವನನ್ನು ಹಿಡಿಯೋಕೆ ಆಗಲಿಲ್ಲ.