ತಟ್ಟೆಯ ಮೇಲಿನ ಮಬ್ಬು

ಕೇಳುಗರೇ, ನಮಸ್ಕಾರ.

ಹೋಟೆಲಿನ ದೊಡ್ಡ ಡಿಶ್‌ವಾಷರ್‌ನಿಂದ ಈಗಷ್ಟೇ ಹೊರಬಂದ ತಟ್ಟೆ. ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಮಬ್ಬು ಕಲೆ. ಒರೆಸಿದರೂ ಹೋಗುವುದಿಲ್ಲ. ನೀರಿನ ಸುಣ್ಣ ಇರಬೇಕು ಅನ್ನಿಸುತ್ತದೆ, ಅಲ್ವಾ? ಎಷ್ಟೋ ಸಲ ಅದು ಸುಣ್ಣವಲ್ಲ, ಪಿಷ್ಟ. ನಾವು ಗಂಜಿ ಅನ್ನುತ್ತೇವಲ್ಲ, ಅದೇ.

ಪತ್ತೆ ಮಾಡುವುದು ಸುಲಭ. ಅಯೋಡಿನ್ ದ್ರಾವಣಕ್ಕೆ ನೀರು ಬೆರೆಸಿ ತೆಳು ಮಾಡಿ, ಕಲೆಯ ಮೇಲೆ ಒಂದು ಹನಿ ಬಿಡಿ. ನೀಲಿ ಕಪ್ಪು ಬಣ್ಣ ಬಂದರೆ ಗಂಜಿ. ವಿನೆಗರ್‌ಗೆ ಕರಗಿ ಹೋದರೆ ಸುಣ್ಣ.

ಅಕ್ಕಿ, ಗೋಧಿ, ಆಲೂಗಡ್ಡೆ, ಎಲ್ಲದರಲ್ಲೂ ಪಿಷ್ಟದ ಸಣ್ಣ ಕಣಗಳಿವೆ. ನೀರಿನ ಬಿಸಿ ಸುಮಾರು 60 ಡಿಗ್ರಿ ಮುಟ್ಟಿತೆಂದರೆ ಅವು ನೀರು ಕುಡಿದು ಉಬ್ಬುತ್ತವೆ, ಅಂಟಾಗುತ್ತವೆ. ಹಿಟ್ಟು ಕಾಯಿಸಿ ಕಾಗದಕ್ಕೆ ಅಂಟು ಮಾಡುವುದು ಇದೇ ಗುಣದಿಂದ. ಮುಸುರೆ ತಟ್ಟೆಗೆ ಮೊದಲೇ ಕುದಿಯುವಂಥ ನೀರು ಬಿಟ್ಟರೆ ನಾವೇ ಅಂಟು ಬಳಿದ ಹಾಗೆ. ಬಿಸಿ ಜಾಸ್ತಿಯಾದಷ್ಟೂ ಚೆನ್ನಾಗಿ ತೊಳೆಯುತ್ತದೆ ಅನ್ನುವ ನಂಬಿಕೆ ಬಲವಾಗಿದೆ. ಜಿಡ್ಡಿಗೆ ಅದು ನಿಜ. ಗಂಜಿಗೆ ಅಲ್ಲ.

ಹಾಗಾಗಿ ಮೊದಲ ನೀರು ತಣ್ಣಗೋ ಉಗುರು ಬೆಚ್ಚಗೋ ಇರಲಿ. ಎಂಜಲು ಕೆರೆದು ತೆಗೆದು, ಒಣಗುವ ಮೊದಲೇ ನೀರು ಚಿಮ್ಮಿಸಿ. ಒಣಗಿದ್ದರೆ ಸ್ವಲ್ಪ ಹೊತ್ತು ನೆನೆಹಾಕಿ. ನನ್ನ ಪ್ರಕಾರ ಅರ್ಧ ಕೆಲಸ ಮುಗಿಯುವುದು ಇಲ್ಲೇ. ಏಕೆಂದರೆ ಹೋಟೆಲಿನ ಯಂತ್ರ ಒಂದು ಸುತ್ತು ಮುಗಿಸುವುದು ಕೆಲವೇ ನಿಮಿಷಗಳಲ್ಲಿ. ಮನೆಯ ಯಂತ್ರದ ಪುಡಿಯಲ್ಲಿ ಪಿಷ್ಟ ಒಡೆಯುವ ಕಿಣ್ವ ಇರುತ್ತದೆ, ಅದಕ್ಕೆ ಬೇಕಾದಷ್ಟು ಸಮಯವೂ ಸಿಗುತ್ತದೆ. ಇಲ್ಲಿ ಆ ಪುರುಸೊತ್ತಿಲ್ಲ. ಪ್ರತಿ ಸಲ ಕಣ್ಣಿಗೆ ಕಾಣದಷ್ಟು ತೆಳು ಪದರ ಉಳಿಯುತ್ತದೆ. ಪದರದ ಮೇಲೆ ಪದರ ಕೂತು ಒಂದು ದಿನ ಕಲೆಯಾಗಿ ಕಾಣುತ್ತದೆ.

ಯಂತ್ರವನ್ನೂ ನೋಡಿ. ತೊಳೆಯುವ ತೊಟ್ಟಿಯಲ್ಲಿ ಅದೇ ನೀರು ಸುತ್ತುತ್ತಿರುತ್ತದೆ. ಅದು ಮಡ್ಡಿಯಾದರೆ ಒಂದು ತಟ್ಟೆಯ ಗಂಜಿಯನ್ನು ಇನ್ನೊಂದಕ್ಕೆ ಬಳಿಯುತ್ತದೆ. ಸುಮ್ನೆ ಸೋಪು ಜಾಸ್ತಿ ಸುರಿಯಬೇಡಿ, ನೀರು ಬದಲಿಸಿ. ಜಾಲರಿ ತೊಳೆಯಿರಿ, ನೀರು ಚಿಮ್ಮುವ ತೂತುಗಳು ಕಟ್ಟಿವೆಯಾ ನೋಡಿ. ತಟ್ಟೆಗಳನ್ನು ಒತ್ತೊತ್ತಾಗಿ ಜೋಡಿಸಬೇಡಿ. ಸೋಪಿನ ಅಳತೆ ಸರಿಯಿರಲಿ.

ಈಗಾಗಲೇ ಕೂತ ಪದರಕ್ಕೆ ಮಾತ್ರ ಬೇರೆ ದಾರಿ. ಅದಕ್ಕೆಂದೇ ಬರುವ, ಕ್ಷಾರ ಜಾಸ್ತಿ ಇರುವ ಪುಡಿಯಲ್ಲಿ ನೆನೆಹಾಕಬೇಕು. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲೇಬೇಕು. ಅಲ್ಯೂಮಿನಿಯಂ ಪಾತ್ರೆ ಅದರಲ್ಲಿ ಹಾಕಬೇಡಿ, ಹಾಳಾಗುತ್ತದೆ. ಆಮೇಲೆ ಒಂದು ತಟ್ಟೆಗೆ ಮತ್ತೆ ಅಯೋಡಿನ್ ಹನಿ ಬಿಟ್ಟು ನೋಡಿ. ನೀಲಿ ಬರಲಿಲ್ಲವೇ? ಆ ತಟ್ಟೆಯನ್ನು ಇನ್ನೊಮ್ಮೆ ತೊಳೆದು ಸಾಲಿಗೆ ಸೇರಿಸಿ.

ನಮಸ್ಕಾರ.