ಮಂಡಿಗೆ ಪುರುಸೊತ್ತು ಕೊಡಿ

ಕೇಳುಗರಿಗೆ ನಮಸ್ಕಾರ.

ಸೈಕಲ್ ತುಳಿಯುವ ಗೀಳು ಹತ್ತಿಸಿಕೊಂಡವರು ಒಂದು ದಿನ ಮೆಟ್ಟಿಲ ಮೇಲೆ ನಿಂತು ಯೋಚಿಸುವ ಹಾಗಾಗುತ್ತದೆ. ಹತ್ತುವಾಗ ಏನೂ ಆಗಿರುವುದಿಲ್ಲ. ಇಳಿಯುವಾಗ ಮಂಡಿಚಿಪ್ಪಿನ ಹಿಂದೆ ಎಲ್ಲೋ ಚಳುಕ್ ಅನ್ನುತ್ತದೆ. ಬಹಳ ಹೊತ್ತು ಕಾಲು ಮಡಚಿ ಕೂತು ಎದ್ದರೆ ಮಂಡಿ ಹಿಡಿದುಕೊಂಡಂತಾಗುತ್ತದೆ, ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲವಾಗುತ್ತದೆ. ನಾನು ಎಂಟು ತಿಂಗಳು ಈ ನೋವಿನ ಜೊತೆ ಇದ್ದವನು. ನಾನು ವೈದ್ಯನಲ್ಲ. ನೋವು ತಿಂದು, ತಪ್ಪು ಮಾಡಿ, ಕೊನೆಗೆ ಒಬ್ಬ ಫಿಸಿಯೋಥೆರಪಿಸ್ಟ್ ಎದುರು ಕೂತು ಕಲಿತದ್ದನ್ನು ಇವತ್ತು ನಿಮ್ಮ ಜೊತೆ ಹಂಚಿಕೊಳ್ಳುತ್ತೇನೆ.

ಮೊದಲು ಒಂದು ಭಯವನ್ನು ಪಕ್ಕಕ್ಕಿಡೋಣ. ಮಂಡಿ ನೋಯುತ್ತಿದೆ ಅಂದ ಕೂಡಲೇ ಸುತ್ತಲಿನವರು ಹೇಳುವುದು ಒಂದೇ: ಸೈಕಲ್ ಬಿಟ್ಟುಬಿಡು, ಮಂಡಿ ಸವೆದುಹೋಗುತ್ತದೆ. ಇದು ಸರಿಯಲ್ಲ. ಸೈಕಲ್ ಮೇಲೆ ನಮ್ಮ ತೂಕದ ಬಹುಪಾಲನ್ನು ಸೀಟು ಹೊರುತ್ತದೆ. ಅಳತೆಯ ಉಪಕರಣ ಅಡಗಿಸಿದ ಕೃತಕ ಮಂಡಿಗಳನ್ನು ಜೋಡಿಸಿಕೊಂಡವರಲ್ಲಿ ಈ ಭಾರವನ್ನು ನೇರವಾಗಿಯೇ ಅಳೆದಿದ್ದಾರೆ. ನಡೆಯುವಾಗ ಮಂಡಿಯ ಕೀಲಿನ ಮೇಲೆ ದೇಹದ ತೂಕದ ಎರಡು ಪಟ್ಟಿಗೂ ಹೆಚ್ಚು ಭಾರ ಬೀಳುತ್ತದೆ. ಹಗುರವಾಗಿ ಸೈಕಲ್ ತುಳಿಯುವಾಗ ಬೀಳುವುದು ಹೆಚ್ಚುಕಡಿಮೆ ಒಂದು ಪಟ್ಟು. ಸಂಧಿವಾತದಿಂದ ಮಂಡಿ ಸವೆದವರಿಗೂ ವೈದ್ಯರು ಸೈಕಲ್ ತುಳಿಯಿರಿ ಅನ್ನುವುದು ಈ ಕಾರಣಕ್ಕೆ.

ಹಾಗಾದರೆ ನೋವು ಬರುವುದೇಕೆ? ಒಂದು ಸಣ್ಣ ಲೆಕ್ಕ ಮಾಡೋಣ. ನಿಮಿಷಕ್ಕೆ 80 ಸುತ್ತಿನಂತೆ ತುಳಿದರೆ ಒಂದು ಗಂಟೆಗೆ ಒಂದೊಂದು ಮಂಡಿಯೂ 4800 ಸಲ ಮಡಚಿ ಬಿಚ್ಚಿಕೊಳ್ಳುತ್ತದೆ. ನಡೆಯುವಾಗ ಕಲ್ಲು ಬಂದರೆ ಹೆಜ್ಜೆ ಬದಲಿಸುತ್ತೇವೆ, ತಗ್ಗು ಬಂದರೆ ದಾಟುತ್ತೇವೆ, ಒಂದು ಹೆಜ್ಜೆಯಂತೆ ಇನ್ನೊಂದು ಇರುವುದಿಲ್ಲ. ಪೆಡಲ್ ಆ ಸ್ವಾತಂತ್ರ್ಯ ಕೊಡುವುದಿಲ್ಲ. ಪಾದ ಪೆಡಲಿಗೆ ಕಟ್ಟುಬಿದ್ದಿದೆ, ಸೊಂಟ ಸೀಟಿಗೆ ಕಟ್ಟುಬಿದ್ದಿದೆ, ನಡುವೆ ಸಿಕ್ಕಿಕೊಂಡಿರುವುದು ಮಂಡಿ. ಮೇಲೆ ಕೆಳಗೆ ಎಲ್ಲಿ ಏನು ಹೆಚ್ಚುಕಡಿಮೆಯಾದರೂ ಮಂಡಿ ಅದನ್ನು ಗಂಟೆಗೆ 4800 ಸಲ ಸಹಿಸಬೇಕು.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಗಟ್ಟಿಯಾಗುವುದಿಲ್ಲ. ಹೊಸದಾಗಿ ತುಳಿಯಲು ಶುರುಮಾಡಿದವರ ಉಸಿರಾಟ ಕೆಲವೇ ವಾರಗಳಲ್ಲಿ ಹದಕ್ಕೆ ಬರುತ್ತದೆ, ತೊಡೆಯಲ್ಲಿ ಬಲ ಬರುತ್ತದೆ. ಆದರೆ ಸ್ನಾಯುವನ್ನು ಮೂಳೆಗೆ ಬಿಗಿದು ಕಟ್ಟಿರುವ ಸ್ನಾಯುರಜ್ಜುವಿಗೆ ರಕ್ತದ ಓಡಾಟ ಕಡಿಮೆ. ಅದು ಹುರಿಗೊಳ್ಳಲು ತಿಂಗಳುಗಳೇ ಬೇಕು. ಎದೆ ಹೇಳುತ್ತದೆ, ಇನ್ನೂ ಹತ್ತು ಕಿಲೋಮೀಟರ್ ಹೋಗೋಣ ಅಂತ. ತೊಡೆ ಹೂಂ ಅನ್ನುತ್ತದೆ. ಮಂಡಿಯನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಈ ನೋವು ತೀರಾ ಹೊಸಬರಿಗೆ ಬರುವುದಕ್ಕಿಂತ, ಒಂದೆರಡು ತಿಂಗಳು ತುಳಿದು ಹುಮ್ಮಸ್ಸು ಏರಿದವರಿಗೆ ಬರುವುದೇ ಹೆಚ್ಚು ಅಂತ ನನಗೆ ಅನ್ನಿಸುತ್ತದೆ.

ಪಳಗಿದವರನ್ನೂ ಇದು ಬಿಟ್ಟಿಲ್ಲ. ಫ್ರಾನ್ಸಿನ ಬೆರ್ನಾರ್ ಇನೋ ಅವರ ಹೆಸರನ್ನು ಸೈಕಲ್ ಸ್ಪರ್ಧೆ ನೋಡುವವರು ಕೇಳಿರುತ್ತೀರಿ. ಟೂರ್ ಡಿ ಫ್ರಾನ್ಸ್ ಅನ್ನು ಐದು ಸಲ ಗೆದ್ದವರು. 1980ರ ಟೂರ್‌ನಲ್ಲಿ ಎಲ್ಲರಿಗಿಂತ ಮುಂದಿದ್ದು, ಮುಂದಿರುವವರು ತೊಡುವ ಹಳದಿ ಅಂಗಿ ಅವರ ಮೈಮೇಲೇ ಇದ್ದಾಗ, ಪೌ ಪಟ್ಟಣದಲ್ಲಿ ರಾತ್ರೋರಾತ್ರಿ ಸ್ಪರ್ಧೆ ಬಿಟ್ಟು ಹೊರಟರು. ಕಾರಣ ಮಂಡಿಯ ಸ್ನಾಯುರಜ್ಜುವಿನ ಉರಿಯೂತ. ಹಾಗೆ ಬಿಟ್ಟವರು ಅದೇ ವರ್ಷ ಆಗಸ್ಟ್ ಕೊನೆಗೆ ಸಲಾಂಶ್‌ನಲ್ಲಿ ವಿಶ್ವ ಚಾಂಪಿಯನ್ ಆದರು. 1983ರಲ್ಲಿ ಮತ್ತೆ ಮಂಡಿ ಕೆಟ್ಟು ಆ ವರ್ಷದ ಟೂರ್ ತಪ್ಪಿತು. 1985ರಲ್ಲಿ ಐದನೆಯ ಸಲ ಗೆದ್ದರು. ಹಳದಿ ಅಂಗಿ ತೊಟ್ಟವರೇ ಮಂಡಿಯ ಮಾತು ಕೇಳಿ ಇಳಿದಿದ್ದಾರೆ ಅನ್ನುವುದು, ಒಂದು ಭಾನುವಾರದ ಸವಾರಿ ಬಿಡಲು ಮನಸ್ಸಾಗದ ನನ್ನಂಥವನಿಗೆ ಬಹಳ ಸಮಾಧಾನ ಕೊಟ್ಟಿತ್ತು.

ಈಗ ಸೀಟಿನ ವಿಚಾರಕ್ಕೆ ಬರುತ್ತೇನೆ. ಮಂಡಿಯ ಮುಂಭಾಗ, ಅಂದರೆ ಚಿಪ್ಪಿನ ಸುತ್ತ ನೋವಿದ್ದರೆ ಮೊದಲು ನೋಡಬೇಕಾದದ್ದು ಸೀಟಿನ ಎತ್ತರ. ಸೀಟು ತಗ್ಗಿದ್ದಷ್ಟೂ ಮಂಡಿ ಹೆಚ್ಚು ಮಡಚುತ್ತದೆ. ಹೆಚ್ಚು ಮಡಚಿದ ಮಂಡಿಯಿಂದ ಪೆಡಲ್ ಒತ್ತಿದಾಗ ತೊಡೆಯ ಸ್ನಾಯು ಮಂಡಿಚಿಪ್ಪನ್ನು ಹಿಂದಿನ ಮೂಳೆಗೆ ಬಲವಾಗಿ ಅದುಮುತ್ತದೆ. ನನ್ನ ಸೀಟು ಮೂರು ಸೆಂಟಿಮೀಟರ್ ತಗ್ಗಿತ್ತು. ನಿಂತಾಗ ಎರಡೂ ಕಾಲು ನೆಲಕ್ಕೆ ಚೆನ್ನಾಗಿ ಊರುವಂತಿದ್ದರೆ ಕ್ಷೇಮ ಅಂದುಕೊಂಡು ಹಾಗೆ ಇಟ್ಟುಕೊಂಡಿದ್ದೆ. ಎಷ್ಟೋ ಜನ ಇಟ್ಟುಕೊಳ್ಳುವುದೂ ಹೀಗೇ.

ಸರಿಯಾದ ಎತ್ತರ ಕಂಡುಕೊಳ್ಳುವುದು ಕಷ್ಟವಲ್ಲ. ತುಳಿಯುವಾಗ ಹಾಕುವ ಶೂಗಳನ್ನೇ ಹಾಕಿಕೊಂಡು, ಗೋಡೆಗೆ ಕೈ ಊರಿ ಸೀಟಿನ ಮೇಲೆ ಕೂರಿ. ಪೆಡಲನ್ನು ಪೂರ್ತಿ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಆಗ ಕಾಲು ನೆಟ್ಟಗಾಗಬೇಕು, ಆದರೆ ಸೊಂಟ ಆ ಕಡೆ ವಾಲಬಾರದು. ಇನ್ನು ತುಳಿಯುವ ರೀತಿಯಲ್ಲಿ ಪಾದದ ಮುಂಭಾಗ ಇಟ್ಟರೆ ಮಂಡಿ ಸ್ವಲ್ಪ ಬಾಗಿರುತ್ತದೆ. ಆ ಬಾಗು 25ರಿಂದ 35 ಡಿಗ್ರಿ ಇದ್ದರೆ ಒಳ್ಳೆಯದು ಅನ್ನುವುದು ಬಹುಪಾಲು ತಜ್ಞರ ಮಾತು. ಅಳತೆಪಟ್ಟಿ ಹಿಡಿದು ಮಾಡುವ ದಾರಿಯೂ ಇದೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತು, ತೊಡೆಗಳ ನಡುವೆ ಒಂದು ಪುಸ್ತಕವನ್ನು ಮೇಲಕ್ಕೆ ಒತ್ತಿ ಹಿಡಿಯಿರಿ. ನೆಲದಿಂದ ಪುಸ್ತಕದ ಮೇಲಂಚಿನವರೆಗೆ ಅಳೆದು 0.883ರಿಂದ ಗುಣಿಸಿ. 80 ಸೆಂಟಿಮೀಟರ್ ಬಂದರೆ ಉತ್ತರ 70.6. ಎರಡೂ ಪೆಡಲಿನ ತೋಳುಗಳು ಸೇರಿ ತಿರುಗುವ, ಫ್ರೇಮಿನ ತಳದಲ್ಲಿರುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ಇರಬೇಕು. ಇದನ್ನು ಶುರುವಿನ ಅಳತೆ ಅಂತ ಇಟ್ಟುಕೊಳ್ಳಿ, ಅಲ್ಲಿಂದ ನಿಮ್ಮ ಕಾಲು ಹೇಳಿದಂತೆ ಸ್ವಲ್ಪ ಅತ್ತಿತ್ತ ಮಾಡಬೇಕಾಗಬಹುದು. ಸೀಟಿನ ಕಂಬದ ಮೇಲೆ ಇದಕ್ಕಿಂತ ಮೇಲೆ ಎತ್ತಬಾರದು ಅನ್ನುವ ಗೆರೆ ಇರುತ್ತದೆ, ಅದನ್ನು ದಾಟಬೇಡಿ.

ನಾನು ಮಾಡಿದ ದೊಡ್ಡ ತಪ್ಪು ಇಲ್ಲಿದೆ. ಸೀಟು ತಗ್ಗಿದೆ ಅಂತ ಗೊತ್ತಾದ ದಿನವೇ ಮೂರು ಸೆಂಟಿಮೀಟರನ್ನೂ ಒಟ್ಟಿಗೆ ಏರಿಸಿದೆ. ಅದರ ಜೊತೆಗೆ ಸೀಟನ್ನು ಹಿಂದಕ್ಕೆ ಸರಿಸಿದೆ, ಹೊಸ ಶೂ ಹಾಕಿದೆ. ಮಂಡಿಯ ಮುಂಭಾಗದ ನೋವು ಒಂದೇ ವಾರದಲ್ಲಿ ಕಡಿಮೆಯಾಯಿತು, ಮಂಡಿಯ ಹಿಂಭಾಗದಲ್ಲಿ ಹೊಸ ನೋವು ಶುರುವಾಯಿತು. ಮಾಡಿದ ಮೂರು ಬದಲಾವಣೆಗಳಲ್ಲಿ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಕೆಟ್ಟದಾಯಿತು ಅಂತ ಹೇಳುವ ಯಾವ ದಾರಿಯೂ ನನಗೆ ಉಳಿಯಲಿಲ್ಲ. ಎರಡು ತಿಂಗಳು ಹಾಗೇ ಹೋಯಿತು. ಫಿಸಿಯೋಥೆರಪಿಸ್ಟ್ ಮೊದಲು ಮಾಡಿಸಿದ್ದು ಏನು ಗೊತ್ತೇ? ಸೀಟಿನ ಕಂಬಕ್ಕೆ ಒಂದು ತುಂಡು ಟೇಪ್ ಸುತ್ತಿಸಿ, ಈಗಿನ ಎತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆಸಿದರು. ಆಮೇಲೆ ಒಂದು ಸಲಕ್ಕೆ ಮೂರರಿಂದ ಐದು ಮಿಲಿಮೀಟರ್, ಅದರ ಮೇಲೆ ಮೂರು ನಾಲ್ಕು ಸವಾರಿ, ಪ್ರತಿ ಸವಾರಿಯ ಮರುದಿನ ಬೆಳಿಗ್ಗೆ ಮಂಡಿ ಹೇಗಿತ್ತು ಅಂತ ಒಂದು ಸಾಲು. ಮಿಲಿಮೀಟರ್ ಲೆಕ್ಕ ಅತಿಯಾಯಿತು ಅನ್ನಿಸಬಹುದು. 4800 ಅನ್ನುವ ಆ ಸಂಖ್ಯೆಯನ್ನು ನೆನಪಿಸಿಕೊಂಡರೆ ಹಾಗನ್ನಿಸುವುದಿಲ್ಲ.

ನೋವಿನ ಜಾಗವೇ ಹುಡುಕಾಟಕ್ಕೆ ದಿಕ್ಕು ತೋರಿಸುತ್ತದೆ. ಮುಂದೆ ನೋಯ್ದರೆ ಸೀಟು ತಗ್ಗಿರಬಹುದು, ತೀರಾ ಮುಂದಿರಬಹುದು, ಇಲ್ಲವೇ ಗೇರು ಭಾರವಾಗಿರಬಹುದು. ಹಿಂದೆ ನೋಯ್ದರೆ ಸೀಟು ಎತ್ತರವಾಗಿರಬಹುದು. ಹಿಂದಿನಿಂದ ಯಾರಾದರೂ ನೋಡಿದರೆ ಸೊಂಟ ಎಡಕ್ಕೆ ಬಲಕ್ಕೆ ತೂಗುತ್ತಿರುವುದು ಕಾಣುತ್ತದೆ. ಮಂಡಿಯ ಹೊರಬದಿಯಲ್ಲಿ ಉರಿಯುವಂಥ ನೋವು ಬಂದರೆ ಸೊಂಟದಿಂದ ಮಂಡಿಯ ಕೆಳಗಿನವರೆಗೆ ತೊಡೆಯ ಪಕ್ಕದಲ್ಲಿ ಇಳಿಯುವ ದಪ್ಪನೆಯ ಪಟ್ಟಿ ಕೆರಳಿರಬಹುದು. ಒಳಬದಿಯ ನೋವು ಪಾದದ ಕೋನದಿಂದ ಬರುವುದುಂಟು. ಅಡಿಯಲ್ಲಿ ಪೆಡಲಿಗೆ ಸಿಕ್ಕಿಕೊಳ್ಳುವ ಕ್ಲೀಟ್ ಅನ್ನುವ ತುಂಡು ಇರುವ ಶೂ ಹಾಕುವವರು ಇದನ್ನು ಗಮನವಿಟ್ಟು ಕೇಳಿ. ಎತ್ತರದ ಕುರ್ಚಿಯಲ್ಲಿ ಕೂತು ಕಾಲು ಇಳಿಬಿಟ್ಟಾಗ ನಿಮ್ಮ ಪಾದ ಸಹಜವಾಗಿ ಯಾವ ಕಡೆ ತಿರುಗಿರುತ್ತದೋ ಕ್ಲೀಟ್ ಹಾಗೇ ಇರಲಿ. ಕೆಲವು ಕ್ಲೀಟ್‌ಗಳಲ್ಲಿ ಪಾದ ಒಂದಿಷ್ಟೂ ಅಲುಗುವುದಿಲ್ಲ, ಕೆಲವು ಆರು ಅಥವಾ ಒಂಬತ್ತು ಡಿಗ್ರಿ ತಿರುಗಲು ಬಿಡುತ್ತವೆ. ಮಂಡಿ ನೋಯುತ್ತಿರುವವರಿಗೆ ಅಲುಗಲು ಬಿಡುವುದೇ ಸರಿ.

ಗೇರಿನ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಭಾರದ ಗೇರಿನಲ್ಲಿ ನಿಧಾನವಾಗಿ ಗುದ್ದಿ ಗುದ್ದಿ ತುಳಿಯುವುದನ್ನು ಶಕ್ತಿಯ ಲಕ್ಷಣ ಅಂದುಕೊಳ್ಳುತ್ತೇವೆ. ಅಷ್ಟೇ ವೇಗವನ್ನು ಹಗುರ ಗೇರಿನಲ್ಲಿ ಬೇಗ ಬೇಗ ತುಳಿದೂ ಪಡೆಯಬಹುದು. ಆಗ ಒಂದೊಂದು ಸುತ್ತಿಗೂ ಮಂಡಿಯ ಮೇಲಿನ ಒತ್ತಡ ಕಡಿಮೆ. ಹದಿನೈದು ಸೆಕೆಂಡು ಬಲಗಾಲು ಎಷ್ಟು ಸಲ ಕೆಳಗೆ ಬಂತು ಅಂತ ಎಣಿಸಿ. 20ರಿಂದ 22 ಬಂದರೆ ನಿಮಿಷಕ್ಕೆ 80ರಿಂದ 88 ಸುತ್ತು, ಅದು ಒಳ್ಳೆಯ ಲಯ. 12–13ಕ್ಕೆ ಇಳಿದಿದ್ದರೆ ಗೇರು ಇಳಿಸಿ. ಏರು ಶುರುವಾದ ಮೇಲಲ್ಲ, ಶುರುವಾಗುವ ಮೊದಲೇ ಇಳಿಸಿ. ಗೇರಿಲ್ಲದ ಸೈಕಲ್ ಇದ್ದವರು ಹಿಂಚಕ್ರದ ಫ್ರೀವೀಲ್, ಅಂದರೆ ಚೈನ್ ಕೂರುವ ಹಲ್ಲಿನ ಗಾಲಿಯನ್ನು ಬದಲಿಸಿಕೊಳ್ಳಬಹುದು. 18 ಹಲ್ಲಿನದರ ಜಾಗದಲ್ಲಿ 20 ಅಥವಾ 22 ಹಲ್ಲಿನದನ್ನು ಹಾಕಿಸಿದರೆ ತುಳಿತ ಎಷ್ಟೋ ಹಗುರವಾಗುತ್ತದೆ. ಚೈನನ್ನು ಸ್ವಲ್ಪ ಉದ್ದ ಮಾಡಿಸಬೇಕಾಗಬಹುದು. ಕಡಿದಾದ ಏರಿನಲ್ಲಿ ಇಳಿದು ತಳ್ಳಿಕೊಂಡು ಹೋದರೂ ಯಾವ ನಷ್ಟವೂ ಇಲ್ಲ.

ಇನ್ನು ನೋವು ಬಂದಾಗಿದೆ, ಈಗೇನು ಮಾಡಬೇಕು? ಪೂರ್ತಿ ಮಲಗಿಬಿಡುವುದು ಬೇಕಿಲ್ಲ. ಮೊದಲ ಕೆಲವು ದಿನ ದೂರ, ಏರು ಎರಡನ್ನೂ ಕಡಿಮೆ ಮಾಡಿ. ಹತ್ತು ಹದಿನೈದು ನಿಮಿಷ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟರೆ ಹಿತವಾಗುತ್ತದೆ. ನೋವಿನ ಮಾತ್ರೆ ನುಂಗಿ ಸವಾರಿಗೆ ಹೊರಡುವುದನ್ನು ಮಾತ್ರ ಮಾಡಬೇಡಿ. ಎಲ್ಲಿ ನಿಲ್ಲಿಸಬೇಕು ಅಂತ ಹೇಳುವ ಒಂದೇ ದನಿಯನ್ನು ಅದು ಅಡಗಿಸುತ್ತದೆ. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ನೋವು ಮೂರನ್ನು ದಾಟದೆ, ಮರುದಿನ ಬೆಳಿಗ್ಗೆಗೆ ಮೊದಲಿನಂತೆ ಆಗಿದ್ದರೆ ಹಗುರವಾಗಿ ತುಳಿಯಬಹುದು. ಬೆಳಿಗ್ಗೆ ನೋವು ಹೆಚ್ಚಿದ್ದರೆ ಹಿಂದಿನ ದಿನದ್ದು ಹೆಚ್ಚಾಯಿತು ಅಂತ ಅರ್ಥ. ಚಳಿಯಲ್ಲಿ ಹೊರಟರೆ ಮಂಡಿ ಮುಚ್ಚಿಕೊಳ್ಳಿ, ಮೊದಲ ಕಾಲು ಗಂಟೆ ಹಗುರ ಗೇರಿನಲ್ಲೇ ಇರಿ.

ನನಗೆ ನಿಜವಾಗಿ ವಾಸಿ ತಂದದ್ದು ವ್ಯಾಯಾಮ. ಆಶ್ಚರ್ಯ ಅಂದರೆ ಅದರಲ್ಲಿ ಅರ್ಧ ಮಂಡಿಯದ್ದಲ್ಲ, ಸೊಂಟದ್ದು. ಕನ್ನಡಿ ಎದುರು ತಗ್ಗಾದ ಒಂದು ಮೆಟ್ಟಿಲ ಮೇಲೆ ನಿಂತು ಒಂದು ಕಾಲನ್ನು ನಿಧಾನವಾಗಿ ನೆಲಕ್ಕೆ ಇಳಿಸಿ ನೋಡಿ. ಮೇಲೆ ನಿಂತ ಕಾಲಿನ ಮಂಡಿ ಪಾದದ ನೇರಕ್ಕೆ ಇದೆಯೋ, ಒಳಕ್ಕೆ ಕುಸಿಯುತ್ತಿದೆಯೋ? ಒಳಕ್ಕೆ ಬೀಳುತ್ತಿದ್ದರೆ ಸೊಂಟದ ಪಕ್ಕದ ಸ್ನಾಯುಗಳಲ್ಲಿ ಬಲ ಸಾಲದೆ ಇರಬಹುದು. ಪೆಡಲಿನ ಮೇಲೂ ಹೀಗೇ ಆದರೆ ಮಂಡಿಚಿಪ್ಪು ತನ್ನ ಜಾಡು ಬಿಟ್ಟು ಪಕ್ಕಕ್ಕೆ ಎಳೆಸಿಕೊಳ್ಳುತ್ತದೆ. ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನೇರವಾಗಿ ಎತ್ತುವುದು, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಮೇಲೆತ್ತುವುದು, ಗೋಡೆಗೆ ಬೆನ್ನೊರಗಿಸಿ ಅರ್ಧ ಕೂತಂತೆ ನಿಲ್ಲುವುದು, ಆಮೇಲೆ ಅದೇ ಮೆಟ್ಟಿಲ ಇಳಿತ. ವಾರಕ್ಕೆ ಮೂರು ದಿನ ಮಾಡಿದೆ. ಮೊದಲ ತಿಂಗಳು ಏನೂ ಆಗಲಿಲ್ಲ. ಆಗ ಬಿಟ್ಟುಬಿಡುವ ಮನಸ್ಸಾಗಿತ್ತು. ಮೂರನೆಯ ತಿಂಗಳ ಒಂದು ಬೆಳಿಗ್ಗೆ ಮೆಟ್ಟಿಲು ಇಳಿದು ಬಂದು, ಇಳಿದದ್ದೇ ಗೊತ್ತಾಗಲಿಲ್ಲವಲ್ಲ ಅಂತ ತಿರುಗಿ ನೋಡಿದೆ.

ಕೆಲವು ಲಕ್ಷಣಗಳಿಗೆ ಕಾಯಬಾರದು. ಮಂಡಿ ಊದಿಕೊಂಡರೆ, ಮಡಚಿದ್ದು ಸಿಕ್ಕಿಕೊಂಡು ಬಿಚ್ಚಲು ಬಾರದಿದ್ದರೆ, ನಿಂತಾಗ ಕುಸಿದರೆ, ಬಿಸಿಯಾಗಿ ಕೆಂಪಾಗಿ ಜ್ವರವೂ ಬಂದರೆ, ರಾತ್ರಿ ನೋವಿನಿಂದ ಎಚ್ಚರವಾಗುತ್ತಿದ್ದರೆ ಮೂಳೆಯ ವೈದ್ಯರನ್ನು ಕಾಣಿ. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಅದು ರಕ್ತ ಹೆಪ್ಪುಗಟ್ಟಿದ್ದರ ಸೂಚನೆ ಇರಬಹುದು. ನೋವಿಲ್ಲದೆ, ಊತವಿಲ್ಲದೆ ಬರೀ ಕಟಕಟ ಸದ್ದು ಬಂದರೆ ಹೆದರಬೇಕಿಲ್ಲ.

ಮರಳಿ ಶುರುಮಾಡಿದಾಗ ನಾನು ಸಮತಟ್ಟು ರಸ್ತೆಯಲ್ಲಿ ಇಪ್ಪತ್ತು ನಿಮಿಷ ತುಳಿದು ಹಿಂತಿರುಗಿದೆ. ಎದೆ ಇನ್ನೂ ಬೇಕು ಅನ್ನುತ್ತಿತ್ತು. ಎರಡು ವಾರ ಅಷ್ಟೇ. ಆಮೇಲೆ ವಾರಕ್ಕೆ ಐದು ನಿಮಿಷ ಹೆಚ್ಚಿಸಿದೆ, ದೂರ ಹೆಚ್ಚಿಸಿದ ವಾರ ಏರು ಹತ್ತಲಿಲ್ಲ. ಸೀಟಿನ ಕಂಬದ ಆ ಟೇಪ್ ಈಗಲೂ ಅಲ್ಲೇ ಇದೆ. ಸೈಕಲ್ ತೊಳೆದಾಗಲೆಲ್ಲ ಅದು ಜಾರಿಲ್ಲವಷ್ಟೇ ಅಂತ ನೋಡಿಕೊಳ್ಳುತ್ತೇನೆ.

ನಮಸ್ಕಾರ.