ಕಲ್ನಾರು, ಹೊಟ್ಟೆಯ ಪೊರೆ ಮತ್ತು ಹಳೇ ಟ್ರಂಕು
(ದಾವಣಗೆರೆಯಲ್ಲಿ ನಿವೃತ್ತ ಕಾರ್ಮಿಕರು ಮತ್ತು ಅವರ ಮನೆಯವರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಬೆಳಗ್ಗೆ ಬೆಣ್ಣೆ ದೋಸೆ ತಿಂದು ಬಂದವರ ಮುಂದೆ, ಮಿಲ್ಲಿನ ದೂಳಿಂದ ಹೊಟ್ಟೆಯ ಪೊರೆಗೆ ಬರಬಹುದಾದ ಒಂದು ಕ್ಯಾನ್ಸರಿನ ಮಾತು ತೆಗೆಯೋದು ಚೆನ್ನಾಗಿರಲ್ಲ, ಗೊತ್ತು. ಆದರೆ ಇಲ್ಲಿ ಕೂತವರಲ್ಲಿ ತುಂಬಾ ಜನ ಒಂದು ಕಾಲಕ್ಕೆ ಮಿಲ್ಲಿನ ಕೂಗು ಕೇಳಿ ಎದ್ದವರು. ಹಾಗಾಗಿ ಇದನ್ನು ಇಲ್ಲಿ ಹೇಳದೆ ಇನ್ನೆಲ್ಲಿ ಹೇಳಲಿ?

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಜಗಳೂರು ಕಡೆಯ ಒಬ್ಬ ಯಜಮಾನರು ಬಂದಿದ್ದರು. ವಯಸ್ಸು ಅರವತ್ತು ದಾಟಿತ್ತು. "ಹೊಟ್ಟೆ ಉಬ್ಬೈತೆ ಡಾಕ್ಟ್ರೇ, ಊಟ ಸೇರಂಗಿಲ್ಲ" ಅಂದರು. ಪಂಚೆ ಸಡಿಲವಾಗಿತ್ತು, ಹೊಟ್ಟೆ ಮಾತ್ರ ಬಿಗಿದಿತ್ತು. ಒಳಗೆ ನೀರು ತುಂಬಿತ್ತು. ಏನು ಕೆಲಸ ಅಂತ ಕೇಳಿದೆ. "ಹೊಲ" ಅಂದರು. ನಾನು ಬರೆದುಕೊಂಡೆ. ನೀರು ತೆಗೆದು ಪರೀಕ್ಷೆಗೆ ಕಳಿಸಿದೆ, ಕ್ಯಾನ್ಸರ್ ಕಣ ಸಿಗಲಿಲ್ಲ. ನಮ್ಮಲ್ಲಿ ಇಂಥ ಹೊಟ್ಟೆ ಕಂಡರೆ ಮೊದಲು ನೆನಪಾಗೋದು ಟಿಬಿ. ಟಿಬಿ ಮಾತ್ರೆ ಶುರು ಮಾಡಿದೆ. ಮೂರು ತಿಂಗಳಾದರೂ ಹೊಟ್ಟೆ ಇಳಿಯಲಿಲ್ಲ, ಮನುಷ್ಯ ಇಳಿದುಹೋದರು.

ಅವರ ಹೆಂಡತಿ ಒಂದು ದಿನ ಬಾಗಿಲಲ್ಲಿ ನಿಂತು ಸುಮ್ನೆ ಮಾತಿಗೆ ಹೇಳಿದರು: "ಇವ್ರು ಮೊದ್ಲು ಮಿಲ್ಲಿನಾಗೆ ಬಾಯ್ಲರ್ ಹತ್ರ ಇದ್ರು. ಪೈಪಿಗೆ ಬಿಳಿ ಹಗ್ಗ ಸುತ್ತೋರು. ಸಂಜಿ ಅಂಗಿ ಝಾಡಿಸಿದ್ರೆ ಬೂದಿ ಉದುರಿದಂಗೆ ಉದುರೋದು."

ಆ ಬಿಳಿ ಹಗ್ಗ ಏನು ಅಂತ ನಿಮಗೆ ನಾನು ಹೇಳಬೇಕಿಲ್ಲ. ಆಸ್ಬೆಸ್ಟಾಸ್. ಕನ್ನಡದಲ್ಲಿ ಇದಕ್ಕೆ ಕಲ್ನಾರು ಅನ್ನೋ ಚೆಂದದ ಹೆಸರಿದೆ. ಕಲ್ಲು, ಆದರೆ ನಾರು. ಬೆಂಕಿಗೆ ಸುಡಲ್ಲ, ನೀರಿಗೆ ಕೊಳೆಯಲ್ಲ. ಅದಕ್ಕೇ ಬಾಯ್ಲರಿಗೆ, ಹಬೆ ಪೈಪಿಗೆ, ಬ್ರೇಕಿಗೆ, ಛಾವಣಿ ಶೀಟಿಗೆ ಎಲ್ಲದಕ್ಕೂ ಬಳಸಿದರು. ಸುಡದ, ಕೊಳೆಯದ ಈ ಗುಣವೇ ಮೈಯೊಳಗೆ ಹೋದಾಗ ಶತ್ರು. ಹತ್ತಿಯ ದೂಳನ್ನು ಶ್ವಾಸಕೋಶ ಹೇಗೋ ಹೊರಗೆ ತಳ್ಳುತ್ತದೆ, ಸ್ವಲ್ಪವಾದರೂ. ಕಲ್ನಾರಿನ ಸೂಜಿಯಂಥ ಎಳೆ ಹೊಕ್ಕರೆ ಅಲ್ಲೇ ಕೂರುತ್ತದೆ. ಬಿಳಿ, ನೀಲಿ, ಕಂದು ಯಾವ ಬಣ್ಣದ್ದಾದರೂ ಅದು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿದೆ.

ಉಸಿರಲ್ಲಿ ಹೋದದ್ದು ಹೊಟ್ಟೆಗೆ ಹೇಗೆ ಬಂತು? ಕೆಮ್ಮಿದ ಕಫ ನುಂಗುತ್ತೇವಲ್ಲ, ಅದು ಒಂದು ದಾರಿ. ಶ್ವಾಸಕೋಶದಿಂದ ದುಗ್ಧನಾಳಗಳ (ಮೈಯ ತಿಳಿರಸ ಹರಿಯೋ ಸಣ್ಣ ನಾಳಗಳ) ಮೂಲಕ ಕೆಳಗಿಳಿಯೋದು ಇನ್ನೊಂದು. ಕುರಿ ಕೊಯ್ಯುವಾಗ ನೋಡಿರುತ್ತೀರಿ, ಕರುಳಿನ ಮೇಲೆ ತೆಳ್ಳಗೆ, ಹೊಳೆಯೋ ಪೊರೆ ಇರುತ್ತದೆ. ನಮಗೂ ಅದೇ ಇದೆ, ಹೊಟ್ಟೆಯ ಗೋಡೆಯ ಒಳಗೂ ಹರಡಿಕೊಂಡಿದೆ. ಅದರ ಹೆಸರು ಪೆರಿಟೋನಿಯಂ. ಅಲ್ಲಿ ಹುಟ್ಟುವ ಕ್ಯಾನ್ಸರಿಗೆ ಪೆರಿಟೋನಿಯಲ್ ಮೀಸೋಥೀಲಿಯೋಮಾ ಅನ್ನುತ್ತಾರೆ. ಮೀಸೋಥೀಲಿಯೋಮಾ ಜಾಸ್ತಿ ಬರೋದು ಶ್ವಾಸಕೋಶದ ಹೊರಪೊರೆಗೆ. ನೂರರಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ ಮಾತ್ರ ಹೊಟ್ಟೆಗೆ. ದೂಳು ಕುಡಿದ ಎಲ್ಲರಿಗೂ ಬರಲ್ಲ, ಬಂದ ಎಲ್ಲರೂ ದೂಳು ಕುಡಿದವರಲ್ಲ. ಹೆಂಗಸರಲ್ಲಂತೂ ಎಷ್ಟೋ ಸಲ ಕಲ್ನಾರಿನ ಸಂಬಂಧ ಸಿಗೋದೇ ಇಲ್ಲ. ಆದರೆ ಅಂಗಿ ಝಾಡಿಸಿ ಒಗೆದ ಹೆಂಡತಿಗೂ ಬರಬಹುದು ಅನ್ನೋದು ಮರೆಯಬೇಡಿ.

ಒಂದು ಮಾತು ಗಂಡಸರಿಗೆ. "ಬೀಡಿ ಸೇದ್ತಿದ್ರಲ್ವಾ, ಅದಕ್ಕೇ ಬಂತು" ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಬೀಡಿಯಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ, ಕಲ್ನಾರಿನ ಜೊತೆ ಸೇರಿದರೆ ಇನ್ನೂ ಜಾಸ್ತಿ. ಮೀಸೋಥೀಲಿಯೋಮಾಕ್ಕೆ ಬೀಡಿ ಕಾರಣ ಅಲ್ಲ. ಪರಿಹಾರದ ಅರ್ಜಿಯಲ್ಲಿ ಈ ಸಾಲು ಬೇಕಾಗುತ್ತದೆ.

ಈಗ ನಿಮ್ಮ ತಲೆಯಲ್ಲಿರೋ ಪ್ರಶ್ನೆ. ಮನೆಗೆ ಸಿಮೆಂಟ್ ಶೀಟ್ ಹಾಕಿದ್ದೀವಿ, ಮಂಡಕ್ಕಿ ಭಟ್ಟಿಗೂ ಅದೇ ಇದೆ, ಏನು ಗತಿ? ಗಟ್ಟಿಯಾಗಿರೋ ಶೀಟಿನ ಕೆಳಗೆ ಮಲಗಿದ್ದಕ್ಕೆ ಗಾಬರಿಯಾಗಬೇಡಿ. ಅದನ್ನು ಒಣಗಿದ್ದಾಗ ಗರಗಸ ಹಾಕಿ ಕೊಯ್ಯೋದು, ತೂತು ಕೊರೆಯೋದು, ಮಂಗಗಳು ಹಾರಿ ಒಡೆದ ಚೂರನ್ನು ಪೊರಕೆಯಲ್ಲಿ ಗುಡಿಸೋದು, ಇದು ಅಪಾಯ. ನೀರು ಹಾಕಿ ಒದ್ದೆ ಮಾಡಿ, ಚೂರು ಎತ್ತಿ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಶೀಟಿನ ಮಾತು ಇಷ್ಟು ಸಾಕು.

ಈ ರೋಗದ ದೊಡ್ಡ ಕಷ್ಟ ಅದರ ನಿಧಾನ. ದೂಳು ಹೊಕ್ಕು 20ರಿಂದ 50 ವರ್ಷ ಆದಮೇಲೆ ತಲೆ ಎತ್ತುತ್ತದೆ. ಅಷ್ಟರಲ್ಲಿ ಮಿಲ್ಲು ಮುಚ್ಚಿರುತ್ತದೆ, ಮೇಸ್ತ್ರಿ ತೀರಿಕೊಂಡಿರುತ್ತಾರೆ, ಕೆಲಸಗಾರ ರೈತನಾಗಿರುತ್ತಾನೆ. ಅದಕ್ಕೇ ಡಾಕ್ಟರು "ಏನು ಕೆಲಸ?" ಅಂದರೆ ಇವತ್ತಿನದು ಹೇಳಬೇಡಿ. ಹದಿನೆಂಟನೇ ವಯಸ್ಸಿಂದ ಶುರು ಮಾಡಿ ಹೇಳಿ. ಡಾಕ್ಟರಿಗೆ ಪುರುಸೊತ್ತಿಲ್ಲದಿದ್ದರೆ ಚೀಟಿಯಲ್ಲಿ ಬರೆದು ಕೈಗೆ ಕೊಡಿ. ನನಗೆ ಯಾರಾದರೂ ಹಾಗೆ ಕೊಟ್ಟಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು.

ಬರೀ ನೀರು ತೆಗೆದು ನೋಡಿದರೆ ಇದು ಎಷ್ಟೋ ಸಲ ಸಿಕ್ಕಿಬೀಳಲ್ಲ. ಸಿಟಿ ಸ್ಕ್ಯಾನ್ ಮಾಡಿ, ಹೊಟ್ಟೆಗೆ ಸಣ್ಣ ತೂತು ಮಾಡಿ ದೂರ್ಬೀನು ಹಾಕಿ ಪೊರೆಯ ಚೂರು ತೆಗೆದು, ವಿಶೇಷ ಬಣ್ಣ ಹಾಕಿ ನೋಡಬೇಕು. ಗಂಡಸರಲ್ಲಿ ಟಿಬಿ ಅಂತ, ಹೆಂಗಸರಲ್ಲಿ ಅಂಡಾಶಯದ ಕ್ಯಾನ್ಸರ್ ಅಂತ ಮೋಸ ಹೋಗೋದು ಇದೆ. ಆ ಚೂರನ್ನು ಮೇಣದಲ್ಲಿ ಕೂರಿಸಿಟ್ಟಿರುತ್ತಾರೆ, ಬ್ಲಾಕ್ ಅನ್ನುತ್ತಾರೆ. ರಿಪೋರ್ಟಿನ ಜೊತೆ ಅದನ್ನೂ ಜೋಪಾನ ಮಾಡಿ.

ಚಿಕಿತ್ಸೆಗೆ ಬರೋಣ. ರೋಗಿ ಗಟ್ಟಿ ಇದ್ದು, ಗಡ್ಡೆ ಹೊಟ್ಟೆಯೊಳಗೇ ಇದ್ದರೆ ದೊಡ್ಡ ಆಪರೇಷನ್ ಮಾಡಬಹುದು. ಕಣ್ಣಿಗೆ ಕಾಣೋ ಗಡ್ಡೆಯನ್ನೆಲ್ಲ ಕೆರೆದು ತೆಗೆಯುತ್ತಾರೆ. ಬೆಳಗ್ಗೆ ಒಳಗೆ ಹೋದರೆ ಸಂಜೆಯಾಗುತ್ತದೆ. ಆಮೇಲೆ ಅದೇ ಟೇಬಲ್ ಮೇಲೆ, ಸುಮಾರು 42 ಡಿಗ್ರಿಗೆ ಬಿಸಿ ಮಾಡಿದ ಕೀಮೋ ಔಷಧಿಯನ್ನು ಒಂದು, ಒಂದೂವರೆ ಗಂಟೆ ಹೊಟ್ಟೆಯೊಳಗೆ ಓಡಾಡಿಸುತ್ತಾರೆ. ಇದಕ್ಕೆ ಹೈಪೆಕ್ ಅಂತ ಹೆಸರು. 2009ರಲ್ಲಿ ಪ್ರಕಟವಾದ 405 ರೋಗಿಗಳ ಒಂದು ಲೆಕ್ಕದಲ್ಲಿ, ಹೀಗೆ ಚಿಕಿತ್ಸೆ ಪಡೆದವರಲ್ಲಿ ಅರ್ಧದಷ್ಟು ಜನ 53 ತಿಂಗಳು ದಾಟಿ ಬದುಕಿದ್ದರು. ಅವರು ಆಪರೇಷನ್ ತಡೆಯುವಂಥವರು ಅಂತ ಆರಿಸಿದವರು, ಅದು ನೆನಪಿರಲಿ. ಆಗದವರಿಗೆ ಪೆಮೆಟ್ರೆಕ್ಸೆಡ್, ಸಿಸ್ಪ್ಲಾಟಿನ್ ಅನ್ನೋ ಕೀಮೋ ಇದೆ. ಅದೂ ಬೇಡ ಅನ್ನುವ ಹಂತದಲ್ಲಿ ನೀರು ತೆಗೆಸೋದು, ನೋವಿಗೆ ಮಾರ್ಫಿನ್. ಮಾರ್ಫಿನ್ ಅಂದ ಕೂಡಲೇ "ಚಟ ಆಗುತ್ತೆ" ಅಂತ ಮಕ್ಕಳು ಹೆದರುತ್ತಾರೆ. ನರಳೋ ಅಪ್ಪನಿಗೆ ಚಟದ ಲೆಕ್ಕ ಯಾಕೆ? ಹೈಪೆಕ್ ಎಲ್ಲ ಕಡೆ ಮಾಡಲ್ಲ. ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಒಮ್ಮೆ ಅಭಿಪ್ರಾಯ ಕೇಳಿ, ಆಯುಷ್ಮಾನ್ ಕಾರ್ಡ್ ಜೊತೆಗೆ ಒಯ್ಯಿರಿ.

ಇನ್ನು ಪರಿಹಾರ. ಮೊಬೈಲಲ್ಲಿ ಈ ರೋಗದ ಹೆಸರು ಹೊಡೆದರೆ ಅಮೆರಿಕದ ವಕೀಲರ ಜಾಹೀರಾತೇ ತುಂಬಿರುತ್ತದೆ. ಅಲ್ಲಿ ದಿವಾಳಿಯಾದ ಕಂಪನಿಗಳು ಟ್ರಸ್ಟ್ ಮಾಡಿ ದುಡ್ಡು ಇಟ್ಟಿವೆ. ಅದು ಅಲ್ಲಿಯ ಕತೆ. ನಮ್ಮಲ್ಲಿ 1923ರ ಕಾರ್ಮಿಕ ಪರಿಹಾರ ಕಾನೂನಿನ ಮೂರನೇ ಅನುಸೂಚಿಯಲ್ಲಿ, ಅಂದರೆ ಕೆಲಸದಿಂದ ಬರುವ ರೋಗಗಳ ಪಟ್ಟಿಯಲ್ಲಿ, ಕಲ್ನಾರಿನಿಂದ ಬರುವ ಮೀಸೋಥೀಲಿಯೋಮಾ ಹೆಸರು ಹಿಡಿದೇ ಇತ್ತು. ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ. ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಇದ್ದವರದು ಬೇರೆ ದಾರಿ, ಅವರು ಅಲ್ಲೇ ಕೇಳಬೇಕು.

ಸಿಕ್ಕು ಇರೋದು ಗಡುವಿನಲ್ಲಿ. ಹಳೇ ಕಾನೂನು ಕೆಲಸ ಬಿಟ್ಟ ಎರಡು ವರ್ಷದೊಳಗೆ ಲಕ್ಷಣ ಕಂಡರೆ ಅಂತ ಮಾತಾಡುತ್ತಿತ್ತು. ಎರಡು ವರ್ಷ! ರೋಗ ಬರೋದು ಮೂವತ್ತು, ನಲವತ್ತು ವರ್ಷ ಆದಮೇಲೆ. ತಡವಾಗಿದ್ದಕ್ಕೆ ಸರಿಯಾದ ಕಾರಣ ತೋರಿಸಿದರೆ ಅರ್ಜಿ ತಗೊಳ್ಳಬಹುದು ಅನ್ನೋ ಒಂದು ಕಿಂಡಿಯೂ ಅದರಲ್ಲೇ ಇತ್ತು. ಆದ್ದರಿಂದ ರೋಗ ಗೊತ್ತಾದ ವಾರವೇ ವಕೀಲರನ್ನು ನೋಡಿ. ಫೀಸಿಗೆ ದುಡ್ಡಿಲ್ಲದವರು ಕೋರ್ಟಿನ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಂಗಸರಿಗೂ ಕಾರ್ಮಿಕರಿಗೂ ಅಲ್ಲಿ ಉಚಿತ ನೆರವು ಸಿಗುತ್ತದೆ.

ಇನ್ನೊಂದು ಆಸರೆ ಸುಪ್ರೀಂ ಕೋರ್ಟಿನದು. ಅಹಮದಾಬಾದಿನ ಒಂದು ಗ್ರಾಹಕ ಸಂಸ್ಥೆ ಹಾಕಿದ ದಾವೆಯಲ್ಲಿ 1995ರ ಜನವರಿಯಲ್ಲಿ ತೀರ್ಪು ಬಂತು. ಕೆಲಸಗಾರನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗ ಅಂದರು. ಕಲ್ನಾರಿನ ಕಾರ್ಖಾನೆ ತನ್ನ ಕೆಲಸಗಾರರ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಅಥವಾ ಬಿಟ್ಟಮೇಲೆ 15 ವರ್ಷ, ಯಾವುದು ಹೆಚ್ಚೋ ಅಷ್ಟು ಕಾಲ ಇಡಬೇಕು ಅಂದರು. ಕಲ್ನಾರಿನ ರೋಗ ಖಚಿತವಾದವರಿಗೆ ಒಂದು ಲಕ್ಷ ಕೊಡಿ ಅಂದರು. ಈ 40 ಅನ್ನೋ ಅಂಕಿ ಸುಮ್ನೆ ಬಂದದ್ದಲ್ಲ, ನ್ಯಾಯಾಧೀಶರಿಗೆ ರೋಗದ ನಿಧಾನ ಅರ್ಥವಾಗಿತ್ತು.

ಆದರೆ ಮುಚ್ಚಿಹೋದ ಮಿಲ್ಲಿನ ದಾಖಲೆ ಗೆದ್ದಲ ಹೊಟ್ಟೆಯಲ್ಲಿದೆ, ಅಲ್ವಾ? ಆಗ ಉಳಿಯೋದು ನಿಮ್ಮ ಮನೆಯ ಟ್ರಂಕು. ಆ ಯಜಮಾನರ ಟ್ರಂಕನ್ನು ಅವರ ಮಗ ಆಸ್ಪತ್ರೆಗೇ ಹೊತ್ತು ತಂದಿದ್ದ. ಮದುವೆ ಸೀರೆಯ ಕೆಳಗೆ ಸಂಬಳದ ಚೀಟಿಗಳು, ಪಿಎಫ್ ನಂಬರ್, ತುಕ್ಕು ಹಿಡಿದ ಗೇಟ್ ಬಿಲ್ಲೆ, ಬಾಯ್ಲರ್ ಮನೆ ಮುಂದೆ ಆಯುಧಪೂಜೆ ದಿನ ನಿಂತ ಒಂದು ಗುಂಪು ಫೋಟೋ. ಫೋಟೋದ ಹಿಂದೆ ಪೈಪು, ಪೈಪಿಗೆ ಬಿಳಿ ಹಗ್ಗ. ಅವರು ಆಗಲೇ ತುಂಬಾ ಸೋತಿದ್ದರು, ಆಪರೇಷನ್ ಆಗಲಿಲ್ಲ. ಆದರೆ ಅರ್ಜಿ ಹಾಕಲು ಅಷ್ಟು ಕಾಗದ ಸಾಕಾಯಿತು, ಜೊತೆಗೆ ಫೋಟೋದಲ್ಲಿದ್ದ ಇಬ್ಬರು ಬಂದು ಹೇಳಿಕೆ ಕೊಟ್ಟರು. ತೀರಿಕೊಂಡಾಗ ಸಾವಿನ ಕಾರಣದ ಜಾಗದಲ್ಲಿ ಬರೀ "ಹೃದಯ ನಿಂತಿತು" ಅಂತ ಬರೆಯದೆ ರೋಗದ ಹೆಸರನ್ನೇ ಬರೆದೆ. ನೀವೂ ಡಾಕ್ಟರನ್ನು ಹಾಗೇ ಕೇಳಿ. ಹೃದಯ ಎಲ್ಲರದೂ ನಿಲ್ಲುತ್ತದೆ.

ಹೊರಗೆ ಚಹಾ, ಮಂಡಕ್ಕಿ ಇದೆ. ಕಾಗದ ತಂದವರು ಮೊದಲು ಈ ಮೇಜಿನ ಹತ್ತಿರ ಬನ್ನಿ, ಪಕ್ಕದ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸೋಣ. ಮೂಲ ಪ್ರತಿ ಮಾತ್ರ ಯಾರ ಕೈಗೂ ಕೊಡಬೇಡಿ, ನನ್ನ ಕೈಗೂ.